ಮನೆಯಲ್ಲಿ ಮಾಡಿದ ವೆಜ್ ಮೋಮೋ ಹಬೆಯಲ್ಲಿ ಒಡೆಯುವುದೇಕೆ?

ಮುಖ್ಯ ಕಾರಣ ಹೂರಣದ ನೀರು. ಎಲೆಕೋಸಿನ ತೂಕದಲ್ಲಿ ಶೇ. 90ಕ್ಕೂ ಹೆಚ್ಚು ನೀರೇ. ಉಪ್ಪು ತಗುಲಿದೊಡನೆ ಅದು ಹೊರಬಂದು ಮೋಮೋದ ಮೈದಾ ಹಾಳೆಯ ತಳವನ್ನು ನೆನೆಸಿಬಿಡುತ್ತದೆ. ಹಾಗಾಗಿ 250 ಗ್ರಾಂ ಕೋಸನ್ನು ಸಣ್ಣಗೆ ಹೆಚ್ಚಿ, ಅರ್ಧ ಚಮಚ ಉಪ್ಪು ಬೆರೆಸಿ 15 ನಿಮಿಷ ಬಿಡಿ. ಆಮೇಲೆ ಬಟ್ಟೆಯಲ್ಲಿ ಕಟ್ಟಿ, ಹನಿ ನಿಲ್ಲುವವರೆಗೂ ಹಿಂಡಿ. ಈ ಹಂತ ಮಾತ್ರ ಖಂಡಿತ ಬಿಡಬೇಡಿ. ಕ್ಯಾರೆಟ್, ಶುಂಠಿ ಸೇರಿಸುವುದು ಇದಾದ ಮೇಲೆಯೇ.

200 ಗ್ರಾಂ ಮೈದಾಕ್ಕೆ ಸುಮಾರು 100 ಮಿ.ಲೀ. ನೀರು ಸಾಕು. ಗಟ್ಟಿಯಾಗಿ ನಾದಿ, ಒದ್ದೆ ಬಟ್ಟೆ ಮುಚ್ಚಿ ಅರ್ಧ ಗಂಟೆ ಇಡಿ. ನೆನೆಯದ ಹಿಟ್ಟು ಲಟ್ಟಿಸುವಾಗ ಹಿಂದಕ್ಕೆ ಎಳೆದುಕೊಂಡು ಅಲ್ಲಲ್ಲಿ ತೆಳುವಾಗುತ್ತದೆ, ಹರಿಯುವುದು ಅಲ್ಲೇ. ಅಂಚು ತೆಳ್ಳಗಿರಲಿ, ನಡು ತುಸು ದಪ್ಪಗಿರಲಿ.

ನೀರು ಕುದಿ ಬಂದ ಮೇಲಷ್ಟೇ, ಎಣ್ಣೆ ಸವರಿದ ತಟ್ಟೆಯಲ್ಲಿ ಒಂದಕ್ಕೊಂದು ತಾಗದಂತೆ ಇಟ್ಟು 10 ನಿಮಿಷ ಬೇಯಿಸಿ. ಮೇಲ್ಮೈ ಹೊಳೆದು, ಬೆರಳಿಗೆ ಅಂಟದಿದ್ದರೆ ಬೆಂದಿದೆ.