ಪಿಕಪ್‌ಗೆ ಸಿಬಿ ರೇಡಿಯೊ, ಫಾಗ್ ಲ್ಯಾಂಪ್, ಚಾರ್ಜರ್: ಕರೆಂಟ್ ಎಲ್ಲಿಂದ ತಗೊಳ್ಳೋದು?

ನೀವು ಕೇಳಿರೋದು ಇಷ್ಟು. ಪಾಂಡವಪುರ ಕಡೆಯವರು, ಆಲೆಮನೆಯಿಂದ ಮಂಡ್ಯ ಮಾರ್ಕೆಟ್ಟಿಗೆ ಬೆಲ್ಲ ಹೊಡೆಯೋಕೆ ಹೊಸ ಡೀಸೆಲ್ ಪಿಕಪ್ ತಗೊಂಡಿದೀರಿ. ಅಮೆರಿಕದಿಂದ ಬಂದ ಭಾವ 40 ಚಾನೆಲ್‌ನ ಸಿಬಿ (ಸಿಟಿಜನ್ಸ್ ಬ್ಯಾಂಡ್, ಗಾಡಿಯಿಂದ ಗಾಡಿಗೆ ಮಾತಾಡೋ ವೈರ್‌ಲೆಸ್) ರೇಡಿಯೊ ಒಂದನ್ನ ತಂದುಕೊಟ್ಟಿದಾರೆ. ಅದರ ಜೊತೆ ಎರಡು ಫಾಗ್ ಲ್ಯಾಂಪು, ಮೊಬೈಲ್ ಚಾರ್ಜರು, ಹಿಂದೆ ಲೋಡ್ ತುಂಬೋ ಜಾಗಕ್ಕೆ ಒಂದು ಲೈಟು. "ಎಲ್ಲಾನೂ ಸಿಗರೇಟ್ ಲೈಟರ್ ವೈರಿಂದಲೇ ಎಳ್ಕೊಂಡ್ರೆ ಆಗಲ್ವಾ?" ಅಂತ ಪ್ರಶ್ನೆ.

ಆಗಲ್ಲ. ಯಾಕೆ ಆಗಲ್ಲ ಅನ್ನೋದು ನನಗೆ ಇಂಡುವಾಳು ಹತ್ತಿರ ಬೆಳಗಿನ ಜಾವ ನಾಲ್ಕು ಗಂಟೇಲಿ ಗೊತ್ತಾಯ್ತು.

ನಾನು ಮದ್ದೂರಿಂದ ಮೈಸೂರಿಗೆ ಎಳನೀರು ಹೊಡೆಯೋನು. ಐಟಿಐಲಿ ಎಲೆಕ್ಟ್ರಿಷಿಯನ್ ಮುಗಿಸಿದೀನಿ, ಆದರೂ ಸೋಮಾರಿತನಕ್ಕೆ ಫಾಗ್ ಲ್ಯಾಂಪನ್ನ ಒಂದು ಅಂಗಡೀಲಿ ಹಾಕಿಸಿದೆ. ಅರ್ಧ ಗಂಟೇಲಿ ಕೆಲಸ ಮುಗೀತು, ದೀಪಾನೂ ಚೆನ್ನಾಗೇ ಉರೀತು. ಬಾನೆಟ್ ಎತ್ತಿ ನೋಡೋ ಬುದ್ಧಿ ಬರಲಿಲ್ಲ. ಆವತ್ತು ಇಂಡುವಾಳು ದಾಟುವಾಗ ಪ್ಲಾಸ್ಟಿಕ್ ಸುಟ್ಟ ವಾಸನೆ ಬಂತು, ಡ್ಯಾಶ್‌ಬೋರ್ಡ್ ಕೆಳಗಿಂದ ಹೊಗೆ. ಗಾಡಿ ಪಕ್ಕಕ್ಕೆ ಹಾಕಿ ಕೀ ತೆಗೆದೆ. ಹೊಗೆ ನಿಲ್ಲಲಿಲ್ಲ! ಬ್ಯಾಟರಿ ಟರ್ಮಿನಲ್ ಬಿಚ್ಚೋಣ ಅಂದ್ರೆ ಹತ್ತನೇ ನಂಬರ್ ಸ್ಪ್ಯಾನರು ಟಾರ್ಪಾಲಿನ ಅಡಿ ಎಲ್ಲೋ. ಜೊತೆಗಿದ್ದ ಲೋಡಿಂಗ್ ಹುಡುಗ ಎಳನೀರು ಕೊಚ್ಚಿ ಸುರಿಯೋಕೆ ಮಚ್ಚು ಎತ್ತಿದ್ದ. ಆ ಮಚ್ಚನ್ನೇ ಕಿತ್ಕೊಂಡು ಬ್ಯಾಟರಿ ಬುಡದಲ್ಲಿ ಫಾಗ್ ಲ್ಯಾಂಪಿಗೆ ಎಳೆದಿದ್ದ ಕೆಂಪು ವೈರನ್ನ ಕಡಿದೆ. ಆಗ ನಿಲ್ತು.

ಬೆಳಕಾದ ಮೇಲೆ ನೋಡಿದ್ರೆ ಬ್ಯಾಟರಿಯಿಂದ ನೇರವಾಗಿ ಎಳೆದ ವೈರು, ಎಲ್ಲೂ ಫ್ಯೂಸ್ ಇಲ್ಲ. ಇಂಜಿನ್ ಕಡೆಯಿಂದ ಕ್ಯಾಬಿನ್ ಒಳಗೆ ಬರೋ ತಗಡಿನ ತೂತಿಗೆ ರಬ್ಬರ್ ಬುಷ್ ಕೂಡ ಹಾಕಿರಲಿಲ್ಲ. ಗಾಡಿ ಅಲ್ಲಾಡಿದ ಹಾಗೆಲ್ಲ ತಗಡಿನ ಅಂಚು ವೈರಿನ ಸಿಪ್ಪೆ ಕೊಯ್ದು ಕೊಯ್ದು, ಕೊನೆಗೆ ತಾಮ್ರ ಬಾಡಿಗೆ ತಾಗಿದೆ. ಬ್ಯಾಟರಿಗೆ ಕೀ ಹಾಕಿದೀರೋ ತೆಗೆದಿದೀರೋ ಗೊತ್ತಾಗಲ್ಲ ನೋಡಿ, ಇದ್ದದ್ದೆಲ್ಲ ಸುರೀತು.

ಫ್ಯೂಸ್ ಇರೋದು ದೀಪಾನೋ ರೇಡಿಯೊನೋ ಕಾಪಾಡೋಕೆ ಅಂತ ಎಷ್ಟೋ ಜನ ಅಂದ್ಕೊಂಡಿದಾರೆ. ಅದು ಮೊದಲು ಕಾಪಾಡೋದು ವೈರನ್ನ. ವಿ.ಸಿ. ನಾಲೆಯಿಂದ ಗದ್ದೆಗೆ ನೀರು ಬಿಡೋ ತೂಬನ್ನ ಗದ್ದೆಯ ಕೊನೆ ಬದುವಿನ ಹತ್ತಿರ ಇಡ್ತಾರಾ? ನಾಲೆ ಏರಿ ಮೇಲೇ ಇಡ್ತಾರೆ. ಮಧ್ಯದಲ್ಲಿ ಕಾಲುವೆ ಒಡೆದ್ರೆ ಅಲ್ಲೇ ಮುಚ್ಚಬಹುದು ಅಂತ. ಹಾಗೇ ಫ್ಯೂಸ್ ಬ್ಯಾಟರಿಯಿಂದ ಒಂದು ಗೇಣಿನ ಒಳಗೇ ಇರಬೇಕು. ರೇಡಿಯೊ ಹಿಂದೆ ಕಂಪನಿಯವರು ಕೊಟ್ಟಿರೋ ಫ್ಯೂಸ್ ಇದೆಯಲ್ಲ ಅಂತ ಬಿಟ್ಟುಬಿಡಬೇಡಿ. ಬ್ಯಾಟರಿಯಿಂದ ಅಲ್ಲೀವರೆಗಿನ ವೈರನ್ನ ಯಾರು ಕಾಯ್ತಾರೆ?

ಲೆಕ್ಕ ಹಾಕೋದು ಸುಲಭ, ವ್ಯಾಟನ್ನ ವೋಲ್ಟಿಂದ ಭಾಗಿಸಿ. 55 ವ್ಯಾಟಿನ ಎರಡು ಬಲ್ಬ್ ಅಂದ್ರೆ 110, ಅದನ್ನ 12ರಿಂದ ಭಾಗಿಸಿದ್ರೆ ಹತ್ತಿರ ಹತ್ತಿರ 9 ಆಂಪಿಯರ್. ಇದಕ್ಕೆ 15 ಆಂಪಿಯರಿನ ನೀಲಿ ಫ್ಯೂಸು, 2.5 ಚದರ ಮಿಲಿಮೀಟರ್ ವೈರು. ಸಿಗರೇಟ್ ಲೈಟರಿನ ಲೈನು ಸಾಮಾನ್ಯವಾಗಿ 10 ಅಥವಾ 15 ಆಂಪಿಯರ್ ಫ್ಯೂಸಿನ ಮೇಲೆ ನಿಂತಿರುತ್ತೆ, ಫಾಗ್ ಲ್ಯಾಂಪ್ ಒಂದೇ ಅದನ್ನ ತಿಂದುಹಾಕುತ್ತೆ. ಆಮೇಲೆ ಫ್ಯೂಸ್ ಪದೇ ಪದೇ ಹೋಗ್ತಿದೆ ಅಂತ ಯಾರೋ 30ರ ಹಸಿರು ಫ್ಯೂಸ್ ತುರುಕ್ತಾರೆ, ಇನ್ನೊಬ್ಬ ಸಿಗರೇಟ್ ಪ್ಯಾಕಿನ ಬೆಳ್ಳಿ ಹಾಳೆ ಸುತ್ತುತಾನೆ. ಅಲ್ಲಿಗೆ ನನ್ನ ಕಥೆಯೇ ನಿಮ್ಮ ಕಥೆ.

ವೈರ್ ದಪ್ಪದ ವಿಷಯದಲ್ಲಿ ಜಿಪುಣತನ ಬೇಡ. 10 ಆಂಪಿಯರನ್ನ ನಾಲ್ಕು ಮೀಟರ್ ಉದ್ದದ 0.75ರ ತೆಳು ವೈರಲ್ಲಿ ಕಳಿಸಿದ್ರೆ ದಾರೀಲೇ ಸುಮಾರು 1 ವೋಲ್ಟ್ ಕಳೆದುಹೋಗುತ್ತೆ. 2.5ರದ್ದಾದ್ರೆ 0.3 ವೋಲ್ಟ್ ಅಷ್ಟೆ. ಕಳೆದುಹೋದದ್ದು ಎಲ್ಲಿಗೂ ಹೋಗಿರಲ್ಲ, ವೈರ್ ಒಳಗೆ ಬಿಸಿಯಾಗಿ ಕೂತಿರುತ್ತೆ.

ಫಾಗ್ ಲ್ಯಾಂಪಿಗೆ ರಿಲೇ, ಅಂದ್ರೆ ಸಣ್ಣ ಕರೆಂಟಿಂದ ದೊಡ್ಡ ಕರೆಂಟನ್ನ ಆನ್-ಆಫ್ ಮಾಡೋ ಸ್ವಿಚ್ಚು, ಹಾಕಲೇಬೇಕು. ಅದರ ಬೆನ್ನ ಮೇಲೆ ನಂಬರ್ ಇರುತ್ತೆ. 30ಕ್ಕೆ ಬ್ಯಾಟರಿಯಿಂದ ಫ್ಯೂಸ್ ದಾಟಿ ಬಂದ ವೈರು, 87ರಿಂದ ದೀಪಕ್ಕೆ, 86ಕ್ಕೆ ಸ್ವಿಚ್ಚಿಂದ ಬರೋದು, 85 ಬಾಡಿ ಅರ್ಥ್‌ಗೆ, ಅಂದ್ರೆ ಗಾಡಿಯ ತಗಡಿನ ಮೈಗೆ. ಆಗ ಡ್ಯಾಶ್‌ಬೋರ್ಡ್ ಸ್ವಿಚ್ಚಿನಲ್ಲಿ ಓಡಾಡೋದು ಒಂದು ಆಂಪಿಯರಿನ ಕಾಲುಭಾಗಕ್ಕಿಂತ ಕಡಿಮೆ, ಸ್ವಿಚ್ಚು ಕರಗಲ್ಲ. ಸ್ವಿಚ್ಚಿಗೆ ಮಾತ್ರ ಕೀ ಆನ್ ಆದಾಗಷ್ಟೇ ಬರೋ ಲೈನ್ ಕೊಡಿ. ಮರೆತು ಇಳಿದುಹೋದ್ರೂ ಬೆಳಿಗ್ಗೆ ಬ್ಯಾಟರಿ ಸತ್ತಿರಲ್ಲ. ಹಿಂದಿನ ಲೈಟೂ ಚಾರ್ಜರೂ ಚಿಕ್ಕವು, ಬೇರೆ ಬೇರೆ 5 ಆಂಪಿಯರ್ ಫ್ಯೂಸ್ ಸಾಕು. ನಾಲ್ಕಾರು ಫ್ಯೂಸ್ ಹಿಡಿಯೋ ಡಬ್ಬಿ ಆಟೊಮೊಬೈಲ್ ಅಂಗಡೀಲಿ ಸಿಗುತ್ತೆ, ಬಾನೆಟ್ ಒಳಗೆ ನೀರು ಬೀಳದ ಕಡೆ ಕೂರಿಸಿ. ಬ್ಯಾಟರಿಯಿಂದ ಆ ಡಬ್ಬಿಗೆ ಬರೋ ದಪ್ಪ ವೈರಿಗೂ ಬುಡದಲ್ಲಿ ಒಂದು ಫ್ಯೂಸ್ ಇರಲಿ. ಕಂಪನಿ ವೈರಿನ ಕಟ್ಟನ್ನ ಎಲ್ಲೂ ಕೊಯ್ಯಬೇಡಿ, ಹೊಸ ಗಾಡಿ, ವಾರಂಟಿ ತಕರಾರು ಬರುತ್ತೆ. ಇನ್ನೊಂದು ಮಾತು: ಫಾಗ್ ಲ್ಯಾಂಪ್ ಅಂತ ಕಣ್ಣು ಕುಕ್ಕೋ ಬಿಳಿ ಎಲ್‌ಇಡಿ ಹಾಕಿಸಬೇಡಿ. 2024ರ ಜುಲೈಯಿಂದ ನಮ್ಮ ರಾಜ್ಯದ ಪೊಲೀಸರು ಅದಕ್ಕೆ ಕೇಸ್ ಹಾಕ್ತಿದಾರೆ. ಎದುರಿಗೆ ಬರೋನ ಕಷ್ಟ ನೋಡಿದ್ರೆ ಹಾಕೋದು ಸರಿ ಅಂತಲೇ ನನ್ನ ಅಭಿಪ್ರಾಯ.

ಈಗ ಅರ್ಥ್. ದೀಪ ಮಂಕು, ರೇಡಿಯೊ ಗೊರಗೊರ, ಇಂಡಿಕೇಟರ್ ಹಾಕಿದ್ರೆ ಬೇರೆ ಏನೋ ಮಿಣುಕೋದು, ಇಂಥವನ್ನ ನಾನು ಬಿಚ್ಚಿ ನೋಡಿದಾಗೆಲ್ಲ ಹೆಚ್ಚಿನ ಸಲ ಸಿಕ್ಕಿದ್ದು ಪೇಂಟ್ ಮೇಲೆ ಕಚ್ಚಿಸಿದ ಅರ್ಥ್. ಬೋಲ್ಟಿನ ಸುತ್ತ ಪೇಂಟು, ತುಕ್ಕು ಕೆರೆದು ತಗಡು ಹೊಳೆಯೋ ಹಾಗೆ ಮಾಡಿ, ವೈರಿನ ತುದಿಗೆ ತಿಂಬಲ್ (ಲೋಹದ ಬಳೆ) ಒತ್ತಿ ಬಿಗಿದು, ಮೇಲೆ ಸ್ವಲ್ಪ ಗ್ರೀಸ್ ಸವರಿ.

ರೇಡಿಯೊಗೆ ಬರ್ತೀನಿ. ನಾಲ್ಕು ವ್ಯಾಟಿನ ಸಿಬಿ ಸೆಟ್ಟು ಮಾತಾಡುವಾಗಲೂ ಎಳೆಯೋದು 2 ಆಂಪಿಯರ್ ಒಳಗೇ. 3 ಆಂಪಿಯರ್ ಫ್ಯೂಸ್ ಹಾಕಿ ಅದಕ್ಕೇ ಅಂತ ಬೇರೆ ಎರಡು ವೈರ್ ಎಳೀರಿ, ಬೇರೆ ಯಾವುದರ ಜೊತೆಗೂ ಹಂಚ್ಕೊಳ್ಳೋ ಹಾಗಿಲ್ಲ. ಇದು ಕರೆಂಟಿನ ಭಯಕ್ಕಲ್ಲ, ರೇಡಿಯೊದಲ್ಲಿ ಬೇಡದ ಸದ್ದು ಬರದಿರಲಿ ಅಂತ. ಮೈಸೂರಲ್ಲಿ ಹ್ಯಾಮ್ (ಹವ್ಯಾಸಿ ರೇಡಿಯೊ) ಲೈಸೆನ್ಸ್ ಇರೋ ಸ್ನೇಹಿತನೊಬ್ಬನ ಜೀಪಿಗೆ ಸೆಟ್ ಕೂರಿಸಿದಾಗ ಎರಡು ಭಾನುವಾರ ಬರೀ ಈ ಸದ್ದಿನ ಬೆನ್ನು ಹತ್ತಿದ್ವಿ. ಆಕ್ಸಿಲರೇಟರ್ ಒತ್ತಿದ ಹಾಗೆ ಕುಂಯ್ ಅನ್ನೋ ಸ್ವರ ಏರಿದ್ರೆ ಅದು ಬ್ಯಾಟರಿ ಚಾರ್ಜ್ ಮಾಡೋ ಆಲ್ಟರ್ನೇಟರಿಂದು. ಇಂಜಿನ್ ಆಫ್ ಮಾಡಿದ್ರೂ ಶರ್ರಂತ ಇದ್ರೆ ಚಾರ್ಜರ್ ಕಿತ್ತು ನೋಡಿ. ನಮಗೆ ಸಿಕ್ಕ ಕಳ್ಳ ರಸ್ತೆ ಬದಿ ಕೊಂಡ ಆ ಅಗ್ಗದ ಚಾರ್ಜರೇ. ನಿಮ್ಮದು ಡೀಸೆಲ್, ಸ್ಪಾರ್ಕ್ ಪ್ಲಗ್ಗಿನ ಟಿಕಟಿಕ ಇರಲ್ಲ, ಅಷ್ಟು ಪುಣ್ಯ.

ಆದರೆ ಇದನ್ನೆಲ್ಲ ಮಾಡೋಕೆ ಮುಂಚೆ ಕಾನೂನು ನೋಡಿ. ನಮ್ಮ ದೇಶದಲ್ಲಿ 26.957ರಿಂದ 27.283 ಮೆಗಾಹರ್ಟ್ಸ್‌ವರೆಗೆ, 5 ವ್ಯಾಟ್ ಮಿತಿಯಲ್ಲಿ, 2005ರ ನಿಯಮದಂತೆ ಲೈಸೆನ್ಸ್ ಬೇಡ. ಅಮೆರಿಕದ 40 ಚಾನೆಲ್ ಹೋಗೋದು 27.405ರವರೆಗೆ. 27ನೇ ಚಾನೆಲ್ 27.275, ಅಲ್ಲಿಗೆ ನಮ್ಮ ಗಡಿ. 28ನೇದು 27.285, ಗಡಿ ದಾಟಿಬಿಡ್ತು. ಅಂದ್ರೆ ಭಾವ ತಂದ ಸೆಟ್ಟಿನ ಕೊನೆಯ 13 ಚಾನೆಲ್ ಇಲ್ಲಿ ಮುಟ್ಟೋ ಹಾಗಿಲ್ಲ. ಜೊತೆಗೆ ಸೆಟ್ಟಿಗೆ ಇಲ್ಲಿನ ಅನುಮೋದನೆ ಬೇಕು. ಆ ನಿಯಮದ ಷರತ್ತುಗಳನ್ನ, ಮುಖ್ಯವಾಗಿ ಆಂಟೆನಾದ್ದನ್ನ, ಓದದೆ ಕ್ಯಾಬಿನ್ ಮೇಲೆ ತೂತು ಕೊರೀಬೇಡಿ.

ಕಾಗದ ಎಲ್ಲ ಸರಿಹೋಯ್ತು ಅನ್ನಿ, ಆಂಟೆನಾನೇ ದೊಡ್ಡ ಕೆಲಸ. 27 ಮೆಗಾಹರ್ಟ್ಸ್ ಅಲೆಯ ಉದ್ದ 11 ಮೀಟರ್, ಅದರ ಕಾಲುಭಾಗ ಅಂದ್ರೂ ಒಂಬತ್ತಡಿ. ಅಷ್ಟುದ್ದದ ಕಡ್ಡಿ ನೆಟ್ಟುಕೊಂಡು ರೈಲ್ವೆ ಅಂಡರ್‌ಪಾಸಲ್ಲಿ ಹೋಗೋದು ಹೇಗೆ? ಅದಕ್ಕೇ ಬುಡದಲ್ಲಿ ಸುರುಳಿ ಸುತ್ತಿದ ಗಿಡ್ಡ ಆಂಟೆನಾ ಮಾಡ್ತಾರೆ. ಅದನ್ನ ಎಸ್‌ಡಬ್ಲ್ಯುಆರ್ ಮೀಟರಲ್ಲಿ (ಆಂಟೆನಾದಿಂದ ಎಷ್ಟು ಶಕ್ತಿ ವಾಪಸ್ ಬರ್ತಿದೆ ಅಂತ ತೋರಿಸೋದು) ಅಳೆದು ಉದ್ದ ಸರಿಮಾಡಬೇಕು. 1.5ರ ಒಳಗಿದ್ರೆ ಚೆನ್ನ, 3 ದಾಟಿದ್ರೆ ಮೈಕ್ ಒತ್ತಲೇಬೇಡಿ, ಕಳಿಸಿದ ಶಕ್ತಿ ವಾಪಸ್ ಬಂದು ಸೆಟ್ಟನ್ನೇ ಸುಡುತ್ತೆ.

ಇಷ್ಟೆಲ್ಲ ಮಾಡಿ ಯಾರ ಜೊತೆ ಮಾತಾಡ್ತೀರಿ? ಅಮೆರಿಕದಲ್ಲಿ 1973ರ ಎಣ್ಣೆ ಅಭಾವದ ಕಾಲದಲ್ಲಿ ಲಾರಿಯವರು ಡೀಸೆಲ್ ಎಲ್ಲಿದೆ, ಪೊಲೀಸರು ಎಲ್ಲಿ ನಿಂತಿದಾರೆ ಅಂತ ಒಬ್ಬರಿಗೊಬ್ಬರು ಹೇಳ್ಕೊಳ್ಳೋಕೆ ಸಿಬಿ ಹಿಡಿದ್ರು, 19ನೇ ಚಾನೆಲ್ ಅವರ ಅರಳಿಕಟ್ಟೆ ಆಯ್ತು. ನಮ್ಮ ಹೈವೇಲಿ ನೀವು ಪಾಂಡವಪುರದಿಂದ ಬೆಂಗಳೂರಿನವರೆಗೆ ಕೂಗಿದ್ರೂ ಓ ಅನ್ನೋರು ಸಿಗೋದು ಅನುಮಾನ. ಆಲೆಮನೆಗೂ ಕಬ್ಬಿನ ಗದ್ದೆಗೂ ಮಾತಾಡ್ಬೇಕು, ಫೋನ್ ಸಿಗಲ್ಲ ಅನ್ನೋದಾದ್ರೆ 446.0ರಿಂದ 446.2 ಮೆಗಾಹರ್ಟ್ಸಿನ, ಲೈಸೆನ್ಸ್ ಬೇಡದ, ಅನುಮೋದನೆ ಇರೋ ಕೈಸೆಟ್ ಜೋಡಿ ತಗೊಳ್ಳಿ. ವೈರಿಂಗೇ ಬೇಡ. ರೇಡಿಯೊ ಹುಚ್ಚೇ ಹತ್ತಿದ್ರೆ ಹ್ಯಾಮ್ ಪರೀಕ್ಷೆ ಬರೀರಿ, ಹನ್ನೆರಡು ವರ್ಷ ತುಂಬಿದ ಮಕ್ಕಳೂ ಬರೀಬಹುದು. ಬೆಂಗಳೂರು, ಮೈಸೂರಲ್ಲಿ ಉತ್ತರ ಕೊಡೋ ಜನ ಇದಾರೆ. ಭಾವನಿಗೆ ಬೇಜಾರಾಗ್ಬಾರ್ದು ಅಂದ್ರೆ ಸೆಟ್ಟನ್ನ ಶೋಕೇಸಲ್ಲಿ ಇಡಿ.

ದೀಪದ ಕೆಲಸ ನೀವೇ ಮಾಡೋದಾದ್ರೆ ಮೊದಲು ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಎಲ್ಲ ಜೋಡಿಸಿ, ಫ್ಯೂಸನ್ನ ಕಟ್ಟಕಡೆಗೆ ಹಾಕಿ. ಹಾಕಿದ ರಾತ್ರಿ ಇಂಜಿನ್ ಓಡಿಸ್ಕೊಂಡು ಅರ್ಧ ಗಂಟೆ ಎಲ್ಲ ದೀಪ ಉರಿಸಿ. ಆಮೇಲೆ ಒಂದೊಂದೇ ಜಾಯಿಂಟ್ ಮುಟ್ಟಿ ನೋಡಿ. ಬೆಚ್ಚಗಿದ್ರೆ ಪರವಾಗಿಲ್ಲ, ಬೆರಳು ಹಿಂದಕ್ಕೆ ಎಳ್ಕೊಳ್ಳೋ ಹಾಗಿದ್ರೆ ಅದನ್ನ ಬಿಚ್ಚಿ ಮತ್ತೆ ಕಟ್ಟಿ. ಹತ್ತನೇ ನಂಬರ್ ಸ್ಪ್ಯಾನರು ಟಾರ್ಪಾಲಿನ ಅಡಿಯಲ್ಲ, ಡೋರ್ ಪಾಕೆಟ್ಟಲ್ಲಿ ಇರಲಿ.