ಕಲ್ಯಾಣ ಮಂಟಪದ ಗಾಜು: ಪೇಂಟಾ, ಬೇರೆ ಏನಾದ್ರೂನಾ?

ಸರ್, ದಾವಣಗೆರೆಯಿಂದ ಮಕ್ಕಳ ಜೊತೆ ಮೈಸೂರು ಅರಮನೆಗೆ ಹೊರಟಿದ್ದೀರಿ. ಕಲ್ಯಾಣ ಮಂಟಪದ ಚಾವಣಿ ಗಾಜಿಗೆ ಪೇಂಟ್ ಹೊಡೆದಿದ್ದಾರಾ, ಬಿಸಿಲಿಗೆ ಮಾಸಲ್ವಾ, ಯಾವ ಹೊತ್ತಿಗೆ ನೋಡಬೇಕು ಅಂತ ಕೇಳಿದ್ದೀರಿ.

ಅಂಥ ಗಾಜಿನಲ್ಲಿ ಬಣ್ಣ ಒಳಗೇ ಇರುತ್ತದೆ. ಗಾಜು ಕರಗಿಸುವಾಗಲೇ ಲೋಹದ ಅಂಶ ಸೇರಿಸುತ್ತಾರೆ. ಕೋಬಾಲ್ಟ್ ಹಾಕಿದರೆ ಕಡುನೀಲಿ, ತಾಮ್ರದಿಂದ ಹಸಿರು ಇಲ್ಲವೇ ಕೆಂಪು, ಮ್ಯಾಂಗನೀಸ್‌ನಿಂದ ನೇರಳೆ. ಬಟ್ಟೆಯ ಬಣ್ಣದ ಹಾಗೆ ಬಿಸಿಲಿಗೆ ಮಾಸುವ ಮಾತಿಲ್ಲ. ಆಮೇಲೆ ವಿನ್ಯಾಸಕ್ಕೆ ತಕ್ಕಂತೆ ತುಂಡು ಕತ್ತರಿಸಿ, ಸಾಮಾನ್ಯವಾಗಿ ಸೀಸದ ಪಟ್ಟಿಯೊಳಗೆ ಕೂರಿಸಿ, ಪಟ್ಟಿಗಳು ಕೂಡುವಲ್ಲಿ ಬೆಸುಗೆ ಹಾಕುತ್ತಾರೆ. ಮುಖ, ಸೀರೆ ಮಡಿಕೆಯಂಥ ಸಣ್ಣ ಕೆಲಸಕ್ಕೆ ಕುಂಚ ಹಿಡಿಯುವುದುಂಟು. ಅದನ್ನೂ ಭಟ್ಟಿಯಲ್ಲಿ ಸುಟ್ಟು ಗಾಜಿಗೇ ಬೆಸೆಯುತ್ತಾರೆ. (ನಮ್ಮ ಮಂಡಕ್ಕಿ ಭಟ್ಟಿ ಅಲ್ಲ ಮತ್ತೆ!)

ಮೈಸೂರಿನ ಗಾಜು ಬಂದದ್ದು ಸ್ಕಾಟ್ಲೆಂಡಿನ ಗ್ಲಾಸ್ಗೋದಿಂದ. 1897ರಲ್ಲಿ ಹಳೇ ಮರದ ಅರಮನೆ ಸುಟ್ಟುಹೋದ ಮೇಲೆ ಕಟ್ಟಿದ್ದು ಈಗಿನದು, 1912ರಲ್ಲಿ ಮುಗಿಯಿತು. ಮಂಟಪಕ್ಕೆ ಎಂಟು ಮೂಲೆ. ತಲೆಯೆತ್ತಿ ನೋಡಿದರೆ ನವಿಲೋ ನವಿಲು! ಮಕ್ಕಳಿಗೆ ನವಿಲು ಎಣಿಸೋ ಕೆಲಸ ಕೊಡಿ, ಸುಮ್ನೆ ಓಡಾಡಲ್ಲ.

ಹೊತ್ತಿನ ವಿಷಯಕ್ಕೆ ಬಂದರೆ, ನಮ್ಮೂರ ಗಾಜಿನ ಮನೆಗೆ ಹೋಗುವ ಹಾಗೆ ಸಂಜೆ ಹೋಗಬೇಡಿ. ಬೆಳಕು ಹೊರಗಿನಿಂದ ಗಾಜು ದಾಟಿ ಬಂದರೆ ಮಾತ್ರ ಬಣ್ಣ ಏಳುತ್ತದೆ. ಮೋಡ ಇಲ್ಲದ ದಿನ ಮಧ್ಯಾಹ್ನದ ಆಸುಪಾಸು ಒಳ್ಳೇದು ಅಂತ ನನ್ನ ಅಭಿಪ್ರಾಯ. ರಜಾ ದಿನ ಜನ ಜಾಸ್ತಿ, ನಿಂತು ನೋಡೋಕೆ ಬಿಡಲ್ಲ. ಗೋಡೆ ಮೇಲಿನ ದಸರಾ ಮೆರವಣಿಗೆಯ ಚಿತ್ರಗಳನ್ನೂ ಬಿಡಬೇಡಿ. ಚಪ್ಪಲಿ ಹೊರಗೇ ಬಿಡಬೇಕು.