ಬೈಪೋಲಾರ್ ಇರುವ ತಮ್ಮನಿಗೆ ಗುಳಿಗಿ ಬಿಡಿಸಿ ಗಾಣಗಾಪುರದಲ್ಲಿ ಸೇವೆಗೆ ಕೂಡಿಸಬಹುದೇ?

ನಿಮ್ಮ ಪ್ರಶ್ನೆ ಇಷ್ಟು: ಊರು ಅಫಜಲಪುರದ ಕಡೆ, ತಮ್ಮನಿಗೆ ಎರಡು ವರ್ಷದಿಂದ ಬೈಪೋಲಾರ್ (ಮನಸ್ಸು ಒಮ್ಮೆ ಉನ್ಮಾದಕ್ಕೆ ಏರಿ, ಒಮ್ಮೆ ಖಿನ್ನತೆಗೆ ಇಳಿಯುವ ಕಾಯಿಲೆ), ಲಿಥಿಯಂ ಗುಳಿಗಿ ನಡೆದಿದೆ, ಸದ್ಯ ಆರಾಮಿದ್ದಾನೆ. "ಇದು ಹೊರಗಿಂದ ಆಗ್ಯಾದ, ಗುಳಿಗಿ ಸಾಕು, ಗಾಣಗಾಪುರದಾಗ ಸೇವಾಕ್ಕ ಕೂಡಸೋಣು" ಎಂದು ಅವ್ವ ಹಟ ಹಿಡಿದಿದ್ದಾರೆ. ಹೊರಗಿಂದ ಎಂದರೆ ದೆವ್ವ, ಮಾಟದಿಂದ; ಅದಕ್ಕೇ ದತ್ತನ ಕ್ಷೇತ್ರದ ಸೇವೆ.

ಗಾಣಗಾಪುರಕ್ಕೆ ಹೋಗಿ. ಗುಳಿಗಿ ಮಾತ್ರ ಬಿಡಿಸಬೇಡಿ. ಅವನು ಆರಾಮಿರುವುದೇ ಗುಳಿಗಿ ನಡೆದಿರುವುದರಿಂದ. ಲಿಥಿಯಂ ಒಮ್ಮೆಲೇ ನಿಲ್ಲಿಸಿದರೆ ಕೆಲವೇ ವಾರ ಅಥವಾ ತಿಂಗಳುಗಳಲ್ಲಿ ಉನ್ಮಾದ ಮರುಕಳಿಸುವ ಅಪಾಯ ಬಹಳ. ದೇವರ ಸೇವೆಗೂ ಗುಳಿಗಿಗೂ ಜಗಳವಿಲ್ಲ. ಎಡವಟ್ಟು ಮಾಡುವುದು ಉಪವಾಸ, ಜಾಗರಣೆ ಮತ್ತು ನಮ್ಮ ಬಿಸಿಲು.

ಲಿಥಿಯಂ ಗುಳಿಗಿ ಒಂದು ಲವಣ. ಮೂತ್ರಪಿಂಡ ಲಿಥಿಯಂ ಅನ್ನು ಉಪ್ಪಿನಲ್ಲಿರುವ ಸೋಡಿಯಂ ಜೊತೆಗೇ ಹಿಡಿಯುತ್ತದೆ. ಮೈಯಲ್ಲಿ ನೀರು, ಉಪ್ಪು ಕಡಿಮೆಯಾದರೆ ಸೋಡಿಯಂ ಉಳಿಸಿಕೊಳ್ಳಲು ಹೋಗಿ ಲಿಥಿಯಂ ಅನ್ನೂ ಉಳಿಸಿಕೊಳ್ಳುತ್ತದೆ. ನುಂಗುವ ಗುಳಿಗಿ ಅಷ್ಟೇ ಇದ್ದರೂ ರಕ್ತದಲ್ಲಿ ಪ್ರಮಾಣ ಏರುತ್ತದೆ. ಸಾಮಾನ್ಯವಾಗಿ (ಲೀಟರಿಗೆ ಮಿಲಿಮೋಲ್ ಲೆಕ್ಕದಲ್ಲಿ) 0.6ರಿಂದ 1.0ರ ಒಳಗಿರಬೇಕಾದದ್ದು 1.5 ದಾಟಿದರೆ ಔಷಧವೇ ವಿಷವಾಗುತ್ತದೆ. ಮೊದಲು ಕೈ ನಡುಗುತ್ತದೆ, ತೀರ್ಥಕ್ಕೆ ಚಾಚಿದ ಅಂಗೈಯಿಂದ ನೀರು ಚೆಲ್ಲುವಷ್ಟು. ಆಮೇಲೆ ವಾಂತಿ, ಭೇದಿ, ತೊದಲು ಮಾತು, ಕುಡಿದವರಂತೆ ತಪ್ಪುವ ಹೆಜ್ಜೆ. ಆರತಿಯ ಹೊತ್ತಿಗೆ ಹೀಗಾದರೆ ಸುತ್ತಲಿನವರು "ಮೈಯಾಗ ಬಂದದ" ಎನ್ನುತ್ತಾರೆ. ನೀವು ಮುಂದಿನ ಗುಳಿಗಿ ಕೊಡದೆ ಅವತ್ತೇ ದವಾಖಾನೆಗೆ ಒಯ್ಯಬೇಕು, ರಕ್ತದಲ್ಲಿ ಲಿಥಿಯಂ ಎಷ್ಟಿದೆ ಎಂದು ನೋಡಿಸಬೇಕು.

ಆದ್ದರಿಂದ ನೀರು ಮುಟ್ಟದ ಉಪವಾಸ ಬೇಡ, ಉಪ್ಪು ಬಿಡುವ ವ್ರತವೂ ಬೇಡ. ದಿನಾ ತಿನ್ನುವಷ್ಟೇ ಉಪ್ಪು ಇರಲಿ, ದಿನಾ ಕುಡಿಯುವುದಕ್ಕಿಂತ ನೀರು, ಮಜ್ಜಿಗೆ ಹೆಚ್ಚಿರಲಿ. ಒಪ್ಪೊತ್ತು ಮಾಡುತ್ತೇನೆಂದರೆ ಮಾಡಲಿ, ಡಾಕ್ಟರಿಗೆ ಮೊದಲೇ ತಿಳಿಸಿ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 42 ಡಿಗ್ರಿ ಮುಟ್ಟುವಾಗ ಸೇವೆಗೆ ಕೂಡಿಸಲೇಬೇಡಿ, ದತ್ತ ಜಯಂತಿಯ ಚಳಿಗಾಲವೇ ಮೇಲು. ನಡೆದು ಮೊಳಕಾಲು ನೋವು ಬಂದರೆ ಅಂಗಡಿಯಿಂದ ಡೈಕ್ಲೋಫೆನಾಕ್, ಐಬುಪ್ರೊಫೆನ್ ತರಬೇಡಿ, ಅವೂ ಲಿಥಿಯಂ ಏರಿಸುತ್ತವೆ. ಪ್ಯಾರಾಸಿಟಮಾಲ್ ನಡೆಯುತ್ತದೆ. ರಂಜಾನ್ ರೋಜಾ ಹಿಡಿಯುವವರಿಗೂ ಇದೇ ಮಾತು: ತಿಂಗಳ ಮೊದಲೇ ಡಾಕ್ಟರನ್ನು ಕಂಡು, ಕೊನೆಯ ಗುಳಿಗಿ ನುಂಗಿ 12 ತಾಸಿನ ಮೇಲೆ ರಕ್ತ ಪರೀಕ್ಷೆ ಮಾಡಿಸಬೇಕು.

ಇನ್ನು ಜಾಗರಣೆ. ಬೈಪೋಲಾರ್ ಇರುವವರಿಗೆ ಒಂದೇ ರಾತ್ರಿಯ ನಿದ್ದೆಗೇಡು ಉನ್ಮಾದಕ್ಕೆ ಬಾಗಿಲು ತೆರೆಯಬಲ್ಲದು. ಶಿವರಾತ್ರಿಯ ಭಜನೆಗೆ ರಾತ್ರಿ ಒಂಬತ್ತೂವರೆವರೆಗೆ ಕೂಡಲಿ, ಆಮೇಲೆ ಮನೆಗೆ ಬಂದು ಮಲಗಲಿ. ಅವನ ಪಾಲಿನ ಜಾಗರಣೆ ಅವ್ವ ಮಾಡಲಿ.

ಇನ್ನೊಂದನ್ನು ಮನೆಯವರು ಬಹಳ ತಡವಾಗಿ ಗುರುತಿಸುತ್ತಾರೆ. ಉನ್ಮಾದ ಎಷ್ಟೋ ಸಲ ಭಕ್ತಿಯ ವೇಷದಲ್ಲೇ ಬರುತ್ತದೆ. ಹುಡುಗ ನಸುಕಿನ ಮೂರಕ್ಕೆ ಎದ್ದು ಜಳಕ ಮಾಡುತ್ತಾನೆ, ವಿಭೂತಿ ಬಳಿದುಕೊಳ್ಳುತ್ತಾನೆ, ಗುಡಿಯ ಮುಂದೆ ಕೂತವರಿಗೆಲ್ಲ ನೋಟು ಹಂಚುತ್ತಾನೆ. ಮನೆಯಲ್ಲಿ ಸಂತೋಷವೋ ಸಂತೋಷ. ನೀವು ಅವನ ಭಕ್ತಿಯನ್ನು ಅಳೆಯಲು ಹೋಗಬೇಡಿ, ನಿದ್ದೆ ಅಳೆಯಿರಿ. ನಾಲ್ಕೇ ತಾಸು ಮಲಗಿಯೂ ದಣಿವಿಲ್ಲ, ಮಾತಿನ ವೇಗ ಹೆಚ್ಚಿದೆ, ತಡೆದರೆ ಸಿಟ್ಟು, "ನನಗ ಅಪ್ಪಣಿ ಆಗ್ಯಾದ" ಎಂಬ ಮಾತು: ಇವು ಎರಡು ಮೂರು ದಿನ ಕಂಡರೆ ಡಾಕ್ಟರಿಗೆ ಫೋನ್ ಮಾಡಿ.

ಹಾಗಾದರೆ ಅಧ್ಯಾತ್ಮದಿಂದ ಸಿಗುವುದೇನು? ಬಹಳ ಸಿಗುತ್ತದೆ. ಗುಳಿಗಿ ಏರಿಳಿತ ತಡೆಯುತ್ತದೆ, ಆದರೆ "ನಾನು ಯಾರಿಗೆ ಬೇಕು" ಎಂಬ ಪ್ರಶ್ನೆಗೆ ಅದರಲ್ಲಿ ಉತ್ತರವಿಲ್ಲ. ಕಾಯಿಲೆಯಿಂದ ಎದ್ದವನಿಗೆ ಜನ ಬೇಕು, ಕೈಗೆ ಕೆಲಸ ಬೇಕು, ಹುಚ್ಚ ಎಂಬುದಲ್ಲದೆ ಬೇರೊಂದು ಹೆಸರು ಬೇಕು. ಕಾಯಕ, ದಾಸೋಹ ಎಂದು ಶರಣರು ಹೇಳಿದ್ದರಲ್ಲಿ ಈ ಮೂರೂ ಇವೆ. ನನ್ನ ಮಟ್ಟಿಗೆ ಎಲ್ಲ ಪೂಜೆಗಿಂತ ಇದು ಮೊದಲು. ಕಲಬುರಗಿಯ ಶರಣಬಸವೇಶ್ವರ ಗುಡಿಯ ದಾಸೋಹದಲ್ಲೋ ನಿಮ್ಮೂರ ಮಠದಲ್ಲೋ ವಾರಕ್ಕೆ ಎರಡು ದಿನ, ಅರ್ಧ ತಾಸು, ನೀರು ಹಾಕುವ ಕೆಲಸ ಕೇಳಿ. ಮೂರು ವಾರ ತಪ್ಪದೆ ಹೋದರೆ ಒಂದು ತಾಸಿಗೆ ಏರಿಸಿ. ಖಿನ್ನತೆಯ ದಿನಗಳಲ್ಲಿ ಅವನಿಗೆ ಕೈಮುಗಿಯಲೂ ಮನಸ್ಸಾಗದು. ಆಗ "ನಿನ್ನ ಭಕ್ತಿ ಕಡಿಮಿ", "ಹಿಂದಿನ ಕರ್ಮ" ಎನ್ನಬೇಡಿ. ತಾನು ಪಾಪಿ ಎಂದು ಅವನಾಗಲೇ ನಂಬಿರುತ್ತಾನೆ, ಈ ಮಾತು ಸಾಯುವ ಯೋಚನೆಗೆ ದೂಡುತ್ತದೆ.

ಧ್ಯಾನ ಹತ್ತೇ ನಿಮಿಷ, ದಿನಕ್ಕೆ ಎರಡು ಸಲ, ಕಣ್ಣು ತೆರೆದು. ಇಷ್ಟಲಿಂಗವನ್ನೋ ದೀಪವನ್ನೋ ನೋಡುತ್ತ ನಾಲ್ಕು ಎಣಿಸಿ ಉಸಿರು ಒಳಗೆ, ಆರು ಎಣಿಸಿ ಹೊರಗೆ. ಕಪಾಲಭಾತಿ, ಭಸ್ತ್ರಿಕಾದಂಥ ಜೋರು ಉಸಿರಾಟ ಬೇಡ. ಹತ್ತು ದಿನದ ಮೌನ ಶಿಬಿರ ಸದ್ಯಕ್ಕಂತೂ ಬೇಡ.

ಯಾವುದೇ ಕ್ಷೇತ್ರದಲ್ಲಿ "ಕಟ್ಟಿ ಹಾಕಿ ಬಿಟ್ಟು ಹೋಗ್ರಿ" ಎಂದರೆ ಆ ಕ್ಷಣವೇ ಕರೆದುಕೊಂಡು ಬನ್ನಿ. ತಮಿಳುನಾಡಿನ ಏರ್ವಾಡಿಯಲ್ಲಿ ದರ್ಗಾಕ್ಕೆ ಬಂದ ಮನೋರೋಗಿಗಳನ್ನು ಇಟ್ಟಿದ್ದ ಆಶ್ರಯಕ್ಕೆ 2001ರ ಆಗಸ್ಟ್ 6ರಂದು ಬೆಂಕಿ ಬಿದ್ದಾಗ ಸರಪಳಿಯಲ್ಲಿದ್ದ 28 ಮಂದಿ ಓಡಲಾಗದೆ ಸುಟ್ಟುಹೋದರು. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ಸರಪಳಿ ಹಾಕುವುದು ಅಪರಾಧ. ಇನ್ನೊಂದು ಬದಿಗೆ ಗುಜರಾತಿನ ಉನಾವಾದ ಮೀರಾ ದಾತಾರ್ ದರ್ಗಾದಲ್ಲಿ ಮುಜಾವರರೇ (ದರ್ಗಾದ ಸೇವಕರೇ) ರೋಗಿಗಳನ್ನು ಮನೋವೈದ್ಯರ ಹತ್ತಿರ ಕಳಿಸುವ 'ದವಾ, ದುವಾ', ಅಂದರೆ ಔಷಧ, ಪ್ರಾರ್ಥನೆ ಎರಡೂ ಇರುವ ಪದ್ಧತಿ ಬೆಳೆದಿದೆ. ನಮ್ಮ ಕಲಬುರಗಿಯ ಬಂದೇ ನವಾಜ್ ದರ್ಗಾಕ್ಕೆ, ಗಾಣಗಾಪುರಕ್ಕೆ ಬರುವ ನೊಂದವರಿಗೂ ಅಂಥದ್ದು ಸಿಗಬೇಕು ಎಂಬುದು ನನ್ನ ಆಸೆ.

ಹೊರಡುವ ಮುಂಚೆ: ಇರುವ ದಿನಗಳಿಗಿಂತ ಮೂರು ದಿನದ ಗುಳಿಗಿ ಹೆಚ್ಚಿಗೆ, ಔಷಧದ ಚೀಟಿಯ ಫೋಟೋ ಇಬ್ಬರ ಫೋನಿನಲ್ಲಿ. ರಾತ್ರಿ ಎಷ್ಟು ಹೊತ್ತಾದರೂ 14416ಕ್ಕೆ, ಅಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಕಲಬುರಗಿಯ ಸರ್ಕಾರಿ ಆಸ್ಪತ್ರೆ ಜಿಮ್ಸ್‌ನಲ್ಲಿ ಮನೋವೈದ್ಯ ವಿಭಾಗವಿದೆ. ಅವ್ವನ ಜೊತೆ ವಾದಕ್ಕೆ ಇಳಿಯಬೇಡಿ, ಗುಳಿಗಿ ಡಬ್ಬಿ ಅವರ ಕೈಗೇ ಕೊಡಿ. ರಾತ್ರಿ ಮಂಗಳಾರತಿ ಆದ ಮೇಲೆ, ಊಟ ಮುಗಿಸಿ, ಪ್ರಸಾದದ ಜೊತೆ ಅವರೇ ಮಗನ ಅಂಗೈಗೆ ಗುಳಿಗಿ ಹಾಕಲಿ.